ಕೊಟ್ಟಾರಕ್ಕೊಂದು ತೆನೆ

ಹರಿವೆ ದಂಟಿನ ನಾರು ಬೆರಳಿಗೆ ಸುತ್ತಿಕೊಂಡಿತು, ಎಳೆದಷ್ಟೂ ಬರುತ್ತಿದೆ, ಈ ಸಲದ ದಂಟು ಬಲಿತದ್ದು, ಝೇವಿಯರ್ ಇದ್ದಿದ್ದರೆ ಜಗಿದು ತಟ್ಟೆಯಂಚಿಗೆ ಉಗಿಯುತ್ತಿದ್ದರು — ಇಲ್ಲ, ಮೊಂತಿ ಹಬ್ಬದ ಊಟದಲ್ಲಿ ಉಗಿಯುತ್ತಿರಲಿಲ್ಲ, ಇವತ್ತಿನ ದಿನ ಗಂಡನಿಗೆ ಎಲ್ಲವೂ ನೇಮ, ಪಲ್ಯಗಳು ಬೆಸ ಸಂಖ್ಯೆಯಲ್ಲೇ ಆಗಬೇಕು, ಮೀನು ಅಡುಗೆಮನೆಯ ಹತ್ತಿರ ಸುಳಿಯಬಾರದು, ಮಗಳ ಹೆಸರೂ ಸುಳಿಯಬಾರದು. ಬೆನಿಟಾ ನಾರು ಬಿಡಿಸಿ ಮೊರಕ್ಕೆ ಹಾಕಿದಳು. ಚಾವಡಿಯಲ್ಲಿ ಮಗ ಕ್ಯಾಲ್ವಿನ್ ಇಗರ್ಜಿಯಿಂದ ತಂದ ತೆನೆ ಬಿಡಿಸುತ್ತಿದ್ದಾನೆ, ಪಾದ್ರಿ ಆಶೀರ್ವದಿಸಿ ಕೊಟ್ಟ ಹೊಸ ಭತ್ತ, ನೊವೆಂ, ಕಾಳು ಸುಲಿದು ತೆಂಗಿನ ಹಾಲಿಗೆ ಬೆರೆಸಿ ಮನೆಯವರೆಲ್ಲ ಒಂದೊಂದು ಗುಟುಕು ಕುಡಿಯಬೇಕು, ದೂರ ಇದ್ದವರಿಗೆ ತೆನೆ ಟಪಾಲಿನಲ್ಲಿ ಹೋಗಬೇಕು, ಮನೆಯ ಒಬ್ಬರೂ ತಪ್ಪಬಾರದು. ಅಪ್ಪನ ಗಂಟಲಿನಲ್ಲೇ ಎಣಿಸುತ್ತಾನೆ, ನನಗೆ, ಶರೊನಿಗೆ, ಮಮ್ಮಿಗೆ, ಕುವೈಟಿಗೆ ಜೆರೋಮಣ್ಣನ ಲಕೋಟೆ, ಮತ್ತೆ ಡ್ಯಾಡಿಗೊಂದು, ಫೋಟೋದ ಮುಂದೆ ಇಡುವ. ಸತ್ತವರಿಗೂ ಉಂಟು. ಕತ್ತಿ ದಂಟಿನ ಮೇಲೆಯೇ ನಿಂತಿತು.

ಬೋಳಾರದ ಈ ಮನೆಯಿಂದ ಮಗಳಿರುವ ಕೊಟ್ಟಾರ ಎಂತ ದೂರ, ಒಂದು ಬಸ್ಸು ಬದಲಿಸಿದರೆ ಮುಗಿಯಿತು, ಆದರೂ ಲಿಡಿಯಾ ಇಗರ್ಜಿಗೆ ಸೇರದ ಅಶ್ವಿತನನ್ನು ರಿಜಿಸ್ಟರ್ ಮದುವೆಯಾದ ವರ್ಷ ಬೆನಿಟಾ ಲಕೋಟೆಯ ಮೇಲೆ ಮಗಳ ವಿಳಾಸ ಬರೆದಾಗ ಝೇವಿಯರ್ ಸಿಟ್ಟು ಕೂಡ ಮಾಡಲಿಲ್ಲ, ಕನ್ನಡಕ ಒರೆಸುತ್ತ ಹೇಳಿದರು, ಟಪಾಲು ಸಮುದ್ರದಾಚೆಯವರಿಗೆ ಮಾರಾಯ್ತಿ, ಊರಲ್ಲೇ ಇರುವವಳಿಗೆ ಕಾಲುಂಟಲ್ಲ, ಬರ್ಲಿ, ಒಬ್ಬಳೇ ಬರ್ಲಿ. ಒಬ್ಬಳೇ ಬರುವವಳಲ್ಲ ಅವಳು, ಗೊತ್ತಿದ್ದೇ ಹೇಳಿದ್ದು. ಪಕ್ಕದ ಮನೆಯ ಮಗ್ದಲೀನ್ ನಕ್ಕಿದ್ದಳು, ಕೊಟ್ಟಾರಕ್ಕೂ ಪೋಸ್ಟಾ ಬೆನಿಟಾ, ಇಲ್ಲಿಂದ ಕೂಗಿದ್ರೆ ಕೇಳ್ತದೆ. ಕೂಗಲಿಲ್ಲ. ಝೇವಿಯರರನ್ನು ಮಣ್ಣು ಮಾಡಿದ ದಿನವೂ ಕೂಗಲಿಲ್ಲ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದಾರೆ, ಗೇಟಿನ ಹೊರಗೆ ಲಿಡಿಯಾ, ರಸ್ತೆಬದಿಯ ಕೆಂಪು ಮಣ್ಣು ಅವಳ ಮುಷ್ಟಿಯಲ್ಲಿ, ಬಾ ಎಂದರೆ ಬರುತ್ತಿದ್ದಳು, ಬಾ ಎನ್ನಬೇಕಾದ ಬಾಯಿ ತನ್ನದೇ, ಜನ ಏನೆನ್ನುತ್ತಾರೆ ಎಂದು ನೋಡುತ್ತ ನೋಡುತ್ತ ಗುಂಡಿ ತುಂಬಿಹೋಯಿತು. ಅವಳು ಮುಷ್ಟಿ ಬಿಚ್ಚದೆಯೇ ಹೋದಳು. ಆ ಕೈಯಲ್ಲಿ ಬಸ್ಸಿನ ಟಿಕೆಟು ಹೇಗೆ ಹಿಡಿದಳೋ, ಮನೆಯ ಬೀಗ ಹೇಗೆ ತೆಗೆದಳೋ — ಅಂದು ನೋಡಿದ ಜನರೆಲ್ಲ ಈಗ ಅವರವರ ಮನೆಯಲ್ಲಿ ಅವರವರ ದಂಟು ಸುಲಿಯುತ್ತಿದ್ದಾರೆ, ಇಷ್ಟು ವರ್ಷ ಕಾಪಾಡಿದ ಮಾನ ಎಲ್ಲುಂಟು ತೋರಿಸು ಎಂದು ಕೇಳಲು ಒಬ್ಬರೂ ಬರುವುದಿಲ್ಲ. ಎದ್ದಳು, ಮಂಡಿ ಲಟಕ್ಕೆಂದಿತು, ಕಪಾಟಿನಲ್ಲಿ ಸೀರೆಗಳಡಿ ಆ ಲಕೋಟೆ ಹಳದಿಯಾಗಿದೆ, ವಿಳಾಸ ಮಾಸಿಲ್ಲ. ಚಾವಡಿಗೆ ಬಂದು ಒಂದು ತೆನೆ ತೆಗೆದುಕೊಂಡಳು, ಕ್ಯಾಲ್ವಿನ್ ತಲೆಯೆತ್ತಿದ, ಎಂತ ಮಮ್ಮಿ, ಡ್ಯಾಡಿ ಇರುವಾಗ ಇದೆಲ್ಲ ಇರ್ಲಿಲ್ಲ.

ಸತ್ತವರನ್ನು ಎಣಿಸಿದಿ ಮಗಾ, ಬದುಕಿರುವವಳನ್ನೂ ಎಣಿಸು.

ಅವನು ಫೋಟೋದತ್ತ ನೋಡುತ್ತಾನೆ, ಸೊಸೆ ಶರೊನ್ ಪೆನ್ನು ತಂದಿಡುತ್ತಾಳೆ, ಏನು ಬರೆಯುವುದು, ಬರೆಯಲು ಕೂತರೆ ಇನ್ನೂ ನಾಲ್ಕು ಹಬ್ಬ ಹೋಗುತ್ತದೆ, ನೊವೆಂ ಕಳಿಸಿದ್ದೇನೆ, ಅಶ್ವಿತನಿಗೂ ಕೊಡು, ಅಷ್ಟೇ. ಜೆರೋಮನಿಗೆಂದು ತಂದ ಸ್ಟಾಂಪುಗಳಿಂದ ಎರಡು ಅಂಟಿಸಿದಳು. ಮಂಗಳಾದೇವಿ ರಸ್ತೆ, ಬಿಸಿಲು, ಚಪ್ಪಲಿಯೊಳಗೆ ಮರಳು, ಕೆಂಪು ಡಬ್ಬದ ಬಾಯಿ ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ, ಲಕೋಟೆ ಕೈಬಿಟ್ಟು ಒಳಗೆಲ್ಲೋ ಬಿತ್ತು, ತಲುಪಬಹುದು, ತೆರೆಯಬಹುದು, ಅಮ್ಮನ ಅಕ್ಷರ ಕಂಡು ತೆರೆಯದೆಯೂ ಇರಬಹುದು, ತೆರೆಯುವುದಾದರೆ ಮೊದಲು ಆ ಕೈ ಬಿಚ್ಚಬೇಕು — ಗೇಟಿನ ಹೊರಗೆ, ಬೆರಳ ಸಂದಿಯಲ್ಲಿ ಮಣ್ಣು ಉದುರುತ್ತಿದ್ದ, ಬಿಚ್ಚದ ಆ ಮುಷ್ಟಿ