ನೆಲಕ್ಕಿಡದ ತಾಟು

ಮಕ್ಕಳು ಉಣ್ಣುವುದಿಲ್ಲ ಎಂಬ ದೂರು ಯಾವ ಮನೆಯಲ್ಲಿಲ್ಲ? ತಿಳವಳ್ಳಿಯ ಮಾಲಾ ಕೂಡ ಮೊದಮೊದಲು ಹಾಗೇ ಅಂದುಕೊಂಡಿದ್ದಳು. ಒಂಬತ್ತು ವರ್ಷದ ಮಗಳು ಮಲ್ಲಿಕಾ ಉಂಡದ್ದನ್ನು ವಾಂತಿ ಮಾಡುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಲಂಗದ ಲಾಡಿಯನ್ನು ದಿನದಿನಕ್ಕೆ ಬಿಗಿ ಮಾಡಬೇಕಾಗುತ್ತಿತ್ತು. ದೃಷ್ಟಿ ತೆಗೆದರು. ತಾಯಿತ ಕಟ್ಟಿಸಿದರು. ಹಾನಗಲ್ಲಿಗೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದರು. ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು ಡಾಕ್ಟರು.

ಒಂದು ದಿನ ಶಾಲೆಯ ಪ್ರಾರ್ಥನೆಯ ಸಾಲಿನಲ್ಲೇ ಹುಡುಗಿ ತಲೆಸುತ್ತಿ ಬಿದ್ದಳು. ದೂರದ ಹೊಲದಲ್ಲಿದ್ದ ಮಾಲಾ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಮಗಳನ್ನು ಯಾರೋ ಹೆದರಿಸಿದ್ದಾರೆ, ಮಾಸ್ತರ ಕೋಲೋ ಅಡುಗೆಯವರ ಬಾಯೋ, ಇವತ್ತು ಬಿಡೋದಿಲ್ಲ ಎಂದು ದಾರಿಯುದ್ದಕ್ಕೂ ಬೈಗುಳ ಜೋಡಿಸುತ್ತ ಬಂದಳು.

ಬಂದಾಗ ಬಿಸಿಯೂಟದ ಹೊತ್ತು. ಮಕ್ಕಳೆಲ್ಲ ವರಾಂಡದಲ್ಲಿ ಸಾಲಾಗಿ ಕುಳಿತು, ತಾಟು ಮುಂದಿಟ್ಟುಕೊಂಡು ಗದ್ದಲ ಮಾಡುತ್ತ ಉಣ್ಣುತ್ತಿದ್ದರು. ಮಲ್ಲಿಕಾ ಒಬ್ಬಳೇ ಕೊನೆಯಲ್ಲಿ, ಗೇಟಿನ ಕಡೆ ಮುಖ ಮಾಡಿ, ತಾಟನ್ನು ಎದೆಗೊತ್ತಿಕೊಂಡು ಕುಳಿತಿದ್ದಳು. ಅಗಿಯುತ್ತಿರಲಿಲ್ಲ, ನುಂಗುತ್ತಿದ್ದಳು. ಹಿಂದೆ ಯಾರೋ ಸಾರಿನ ಬಕೀಟು ಕೆಳಗಿಟ್ಟರು. ಆ ಸದ್ದಿಗೆ ಹುಡುಗಿ ತಾಟಿನ ಸಮೇತ ಎದ್ದು ಗೋಡೆಗೆ ಅಂಟಿಕೊಂಡಳು. ಅನ್ನ ಸಾರು ಲಂಗದ ಮೇಲೆ ಚೆಲ್ಲಿತು. ಮಕ್ಕಳು ನಕ್ಕರು.

ಯಾರೂ ಹೊಡೆದಿರಲಿಲ್ಲ, ಯಾರೂ ಗದರಿರಲಿಲ್ಲ. ಮಾಲಾ ಜೋಡಿಸಿಕೊಂಡು ಬಂದ ಬೈಗುಳಕ್ಕೆ ಅಲ್ಲಿ ಗಿರಾಕಿಯೇ ಸಿಗಲಿಲ್ಲ.

ಮಕ್ಕಳಿಗೆ ಜಂತುಹುಳದ ಗುಳಿಗೆ ಕೊಡಲು ಬಂದಿದ್ದ ಆಶಾ ಕಾರ್ಯಕರ್ತೆ ಶಾಕೀರಾ ಇದನ್ನೆಲ್ಲ ನೋಡಿ ಮಾಲಾಳ ಹತ್ತಿರ ಬಂದಳು.

"ಮಾಲಾ, ಹಿಂಗ ಉಣ್ಣೂದ ಆಕಿಗೆ ಯಾರು ಕಲಿಸ್ಯಾರ?"

"ಕಲಿಸೂದೇನ ಐತ್ರಿ ಶಾಕೀರಕ್ಕಾ? ನಮ್ಮ ಮನಿ ಹೆಣ್ಮಕ್ಕಳು ಉಣ್ಣೂದ ಹಿಂಗ. ತಾಟ ನೆಲಕ್ಕ ಇಟ್ರ ಅನ್ನಪೂರ್ಣೇಶ್ವರಿ ಸಿಟ್ಟಾಗ್ತಾಳ. ಅವ್ವ ನನಗ ಹೇಳ್ಯಾಳ, ನಾ ಆಕಿಗೆ ಹೇಳೇನಿ."

"ನಿನ್ನ ಗಂಡ ಸುಭಾಸಣ್ಣ ನೆಲಕ್ಕ ಇಟ್ಟ ಉಣ್ತಾನಲ್ಲ. ದೇವಿ ಬರೇ ಹೆಂಗಸರ ಮ್ಯಾಲ ಸಿಟ್ಟಾಗ್ತಾಳೇನ?"

ಮೂವತ್ನಾಲ್ಕು ವರ್ಷ ಹಾಗೇ ಉಂಡ ಮಾಲಾಳಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ಇಬ್ಬರೂ ಮಲ್ಲಿಕಾಳನ್ನು ಮನೆಗೆ ಕರೆತಂದು ಒಳಗೆ ಮಲಗಿಸಿದರು. ಮಾಲಾಳ ತಾಯಿ ಶೇಖವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೇಳಿದರೆ ಅವಳೂ ಅನ್ನಪೂರ್ಣೇಶ್ವರಿಯ ಹೆಸರನ್ನೇ ಹೇಳಿದಳು. ಶಾಕೀರಾ ವಾದ ಮಾಡಲಿಲ್ಲ. ಶಾಲೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮೊರ ನಿಂತಿತು. ಮುದುಕಿ ಹೊಸ್ತಿಲನ್ನೇ ನೋಡುತ್ತ ಕೇಳಿದಳು:

"ಆಕಿಗೂ ಬಂತಾ ಅದು?"

ಆಮೇಲೆ ಬಂದದ್ದು ಮಾಲಾ ಕೇಳರಿಯದ ಕಥೆ. ಅವಳ ಅಪ್ಪ ಗುದ್ಲೆಪ್ಪ ಸತ್ತಾಗ ಅವಳಿಗೆ ನಾಲ್ಕು ವರ್ಷ. ಅಪ್ಪನೆಂದರೆ ಅವಳಿಗೆ ಗೋಡೆಯ ಮೇಲಿನ ಫೋಟೊ. ಸೋಮವಾರಕ್ಕೊಮ್ಮೆ ತಾನೇ ಹೂ ಏರಿಸುವ ಫೋಟೊ. ಆ ಫೋಟೊದಲ್ಲಿ ಕಾಲು ಕಾಣುವುದಿಲ್ಲ. ಕುಡಿದು ಮನೆಗೆ ಬಂದ ಕೂಡಲೇ ಆ ಕಾಲು ಹುಡುಕುತ್ತಿದ್ದದ್ದು ಹೆಂಡತಿಯ ತಾಟನ್ನು. ನೆಲದ ಮೇಲೆ ಕಂಡರೆ ಒದೆ. ರೊಟ್ಟಿ ಒಂದು ಕಡೆ, ಪಲ್ಯ ಒಂದು ಕಡೆ, ಶೇಖವ್ವ ಒಂದು ಕಡೆ. ಬಾಗಿಲಿಗೆ ಮುಖ ಮಾಡಿ ಕೂರುವುದು, ಚಪ್ಪಲಿಯ ಸದ್ದಿಗೆ ಕಿವಿ ಇಡುವುದು, ತಾಟು ಕೈಯಲ್ಲೇ ಹಿಡಿಯುವುದು, ಅಗಿಯದೆ ನುಂಗುವುದು, ಎಲ್ಲ ಅವಳು ಹೀಗೆ ಕಲಿತದ್ದು. ತೊಡೆಯ ಮೇಲಿನ ಮಗಳಿಗೆ ಚಿವುಟಿ ಚಿವುಟಿ ಅದನ್ನೇ ಕಲಿಸಿದಳು. ಓಣಿಗೆ ಓಣಿಯೇ ಕೇಳಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಿತ್ತು. ಒಮ್ಮೆ ತಡೆಯಲಾರದೆ ಊರ ಹಿರಿಯರ ಮುಂದೆ ಹೋಗಿ ನಿಂತರೆ, ಅವರಲ್ಲೊಬ್ಬರು ಕೇಳಿದ್ದು ಇಷ್ಟೇ: ಪಲ್ಯಕ್ಕೆ ಉಪ್ಪು ಜಾಸ್ತಿ ಹಾಕಿದ್ದೆಯೇನು?

ಮಾಲಾ ಅವ್ವನ ಮುಂದಿದ್ದ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಮತ್ತ ದೇವಿ ಹೆಸರ ಯಾಕ ಹೇಳಿದೆಬೇ? ದೇವರ ಮಾತಂತ ನಂಬಿ ನಾ ಈ ಕೂಸಿನ್ನ ಚಿವುಟೇನಿ. ನಿನ್ನೆ ಸೈತ ಚಿವುಟೇನಿ."

"ನಿಮ್ಮಪ್ಪನ ಹೆಸರ ಹೇಳಿದ್ರ ನಿನ್ನ ಯಾರು ಲಗ್ನ ಮಾಡ್ಕೋತಿದ್ರು? ಕುಡುಕನ ಮಗಳು ಅಂತಿದ್ರು. ದೇವಿ ಹೆಸರಿಗೆ ಮಾನ ಇತ್ತು, ಅದರ ಹಿಂದ ಮುಚ್ಚಿಟ್ನಿ."

ಅವ್ವನ ಮೇಲೆ ಎದ್ದ ಸಿಟ್ಟು ಅಲ್ಲಿ ನಿಲ್ಲದೆ ಮುಂದೆ ಹೋಯಿತು. ಒದ್ದವನ ಮೇಲೆ, ಬಾಗಿಲು ಹಾಕಿಕೊಂಡವರ ಮೇಲೆ, ಉಪ್ಪು ಕೇಳಿದ ಹಿರಿಯನ ಮೇಲೆ ಹೋಯಿತು. ಒದ್ದವನು ಸತ್ತು ಮೂವತ್ತು ವರ್ಷ. ಉಪ್ಪು ಕೇಳಿದವನೂ ಇಲ್ಲ. ಇಬ್ಬರಿಗೂ ಭಜನೆ, ಹೂವು, ಲಿಂಗೈಕ್ಯ ಎಂಬ ಮರ್ಯಾದೆಯ ಮಾತು. ಅವರ ಒದೆ ಮಾತ್ರ ಸಾಯದೆ, ಅವರ ಮುಖವನ್ನೇ ನೋಡದ ಒಂಬತ್ತು ವರ್ಷದ ಹುಡುಗಿಯ ಹೊಟ್ಟೆಯಲ್ಲಿ ಬಂದು ಕೂತಿದೆ. ಇದು ಯಾವ ಊರಿನ ನ್ಯಾಯ?

ಸಿಟ್ಟಿನ ಹಿಂದೆಯೇ ಅಂಜಿಕೆಯೂ ಬಂತು. "ಹಂಗಾದ್ರ ಇದು ರಕ್ತದಾಗ ಬಂದದ್ದು. ಇದೆಲ್ಲಿ ಹೋಗ್ತೈತ್ರಿ ಅಕ್ಕಾ? ಅಪ್ಪನ ನೆನಪ ಇಲ್ಲದ ನನಗೂ ಬಾಗಲಕ್ಕ ಬೆನ್ನ ಮಾಡಿದ್ರ ತುತ್ತ ಇಳಿಯಂಗಿಲ್ಲ."

ಶಾಕೀರಾ ಅವಳ ಕೈ ಹಿಡಿದಳು. "ಮೈ ಅಂಜಿದ್ದನ್ನ ಮರಿಯಂಗಿಲ್ಲ ಮಾಲಾ. ಅವ್ವನ್ನ ನೋಡಿ ಮಗಳು ಅಂಜೂದ ಕಲೀತಾಳ. ಕಾರಣ ಗೊತ್ತಿರೂದಿಲ್ಲ, ಅಂಜಿಕಿ ಅಷ್ಟ ಗೊತ್ತಿರ್ತೈತಿ. ಇದು ಶಾಪ ಅಲ್ಲ, ಕರ್ಮ ಅಲ್ಲ. ಕಲ್ತದ್ದನ್ನ ಬಿಡಾಕ ಬರ್ತೈತಿ. ತಾಲ್ಲೂಕ ದವಾಖಾನಿಗೆ ಮನಸ್ಸಿನ ಡಾಕ್ಟರ್ ಬರೂ ದಿನ ಐತಿ, ಮೂವರೂ ನಡೀರಿ."

"ಹುಚ್ಚರ ಸಾಲಿನಾಗ ನಾ ಕುಂದ್ರಾಕಿ ಅಲ್ಲ," ಎಂದಳು ಶೇಖವ್ವ.

"ಕಾಲ ಮುರದ್ರ ಎಲುಬಿನ ಡಾಕ್ಟರ್ ಕಡೆ ಹೋಗ್ತೀರಿ. ಒದಿ ತಿಂದ ಮನಸ್ಸ ಏನ ಪಾಪ ಮಾಡೈತ್ರಿ?"

ಶೇಖವ್ವ ಒಳಗೆ ಮಲಗಿದ್ದ ಮೊಮ್ಮಗಳನ್ನು ನೋಡಿದಳು. ಆಮೇಲೆ ಇಲ್ಲ ಎನ್ನಲಿಲ್ಲ.

ಸಂಜೆ ಸುಭಾಸನಿಗೆ ಎಲ್ಲ ತಿಳಿಯಿತು. ಮನೆ ಅಳಿಯನಾಗಿ ಬಂದ ಅವನು ಮೆತ್ತಗಿನ ಮನುಷ್ಯ, ಯಾರ ಮೇಲೂ ಕೈ ಎತ್ತಿದವನಲ್ಲ. "ಹನ್ನೊಂದ ವರ್ಷದಾಗ ನೀವು ಉಣ್ಣೂದನ್ನ ನಾ ಒಂದಿನಾನೂ ನೋಡಿಲ್ಲಲ್ಲ," ಎಂದ.

"ನೀವು ಕೈ ತೊಳದ ಮ್ಯಾಲ ನಮ್ಮ ಊಟ. ಹೆಂಗ ನೋಡ್ತೀರಿ?" ಎಂದಳು ಮಾಲಾ. ಮರುದಿನದಿಂದ ಅವನ ತಾಟೂ ಅವರ ಸಾಲಿಗೇ ಬಂತು.

ಇದು ಒಂದು ಗುಳಿಗೆಗೆ ಇಳಿಯುವ ನೋವಲ್ಲ. ಎರಡು ತಿಂಗಳಲ್ಲಿ ಐದು ಸಲ ದವಾಖಾನೆಗೆ ಹೋದರು. ನಾಲ್ಕು ಸಲ ಸುಮ್ಮನೆ ಕೂತು ಬಂದ ಶೇಖವ್ವ ಐದನೆಯ ಸಲ ಅತ್ತಳು. ಮಗುವಿಗೆ ನಿಜವನ್ನು ಸಣ್ಣ ಮಾತಿನಲ್ಲಿ ಹೇಳಿರಿ ಎಂದು ಅಲ್ಲಿನ ಆಪ್ತಸಮಾಲೋಚಕಿ ಹೇಳಿದ್ದರು. ಶೇಖವ್ವ ಮಲ್ಲಿಕಾಳನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ನಿಮ್ಮಜ್ಜ ನನ್ನ ತಾಟ ಒದೀತಿದ್ದ. ಅದಕ್ಕ ನಾ ಅಂಜತಿದ್ನಿ. ಅಂವ ಈಗ ಇಲ್ಲ."

"ನೀ ಏನ ಮಾಡಿದ್ದಿ ಅಜ್ಜಿ?"

"ಉಣ್ಣಾಕತ್ತಿದ್ನಿ."

ಮೊನ್ನೆ ನಾಲ್ವರೂ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಶೇಖವ್ವ ಬಾಗಿಲಿಗೆ ಬೆನ್ನು ಹಾಕಿದ್ದಳು. ಹೊರಗೆ ತಗಡಿನ ಬಾಗಿಲು ಧಡ್ ಎಂದಿತು. ಮಾಲಾಳ ಕೈ ತನ್ನಷ್ಟಕ್ಕೇ ತಾಟಿಗೆ ಹೋಯಿತು. ಮಲ್ಲಿಕಾಳ ತಾಟು ನೆಲದಿಂದ ಎದ್ದೇಬಿಟ್ಟಿತ್ತು. ಹುಡುಗಿ ಅಜ್ಜಿಯ ಕಡೆ ನೋಡಿದಳು. ಶೇಖವ್ವ ಎಡಗೈಯಿಂದ ನೆಲವನ್ನು ಒತ್ತಿ ಹಿಡಿದಿದ್ದಳು, ಆದರೂ ಬಾಯಲ್ಲಿದ್ದ ರೊಟ್ಟಿಯನ್ನು ಅವಳು ಅಗಿಯುತ್ತಲೇ ಇದ್ದಳು. ತಿರುಗಿ ನೋಡಲಿಲ್ಲ.

ಮಲ್ಲಿಕಾ ತಾಟನ್ನು ಕೆಳಗಿಟ್ಟಳು. "ಗಾಳಿ," ಎಂದು ಅವಳೇ ಅವ್ವನಿಗೆ ಹೇಳಿದಳು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಕಾರಣ ಗೊತ್ತಿಲ್ಲದ ಒಂದು ಪದ್ಧತಿ ಇದೆಯೇ? ಜೋರಾಗಿ ನಗಬಾರದು, ಒಳಗಿನಿಂದ ಚಿಲಕ ಹಾಕಬಾರದು, ಅಪ್ಪ ಬಂದರೆ ಎದ್ದು ಒಳಗೆ ಹೋಗಬೇಕು ಎಂಬಂಥದ್ದು? ಯಾಕೆ ಎಂದು ನಿಮ್ಮ ಅವ್ವನನ್ನು, ಅಜ್ಜಿಯನ್ನು ಕೇಳಿರಿ. ಅವರು ಹೇಳತೊಡಗಿದರೆ ಉಪ್ಪಿನ ಮಾತೆತ್ತದೆ ಪೂರ್ತಿ ಕೇಳಿರಿ. ಅಂಜಿಕೆ ಅವರದಾಗಿರಬಹುದು, ತಪ್ಪು ಅವರದಲ್ಲ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ, ಇಲ್ಲವೇ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿರಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಪಕ್ಕದ ಮನೆಯಲ್ಲಿ ಇವತ್ತೂ ತಾಟು ಹಾರುವ ಸದ್ದು ಕೇಳುತ್ತಿದ್ದರೆ ನಿಮ್ಮ ಬಾಗಿಲು ಹಾಕಿಕೊಳ್ಳಬೇಡಿರಿ. ಮಹಿಳಾ ಸಹಾಯವಾಣಿ 181ಕ್ಕೆ ತಿಳಿಸಿರಿ. ಇವತ್ತು ನೀವು ಕೇಳಿಯೂ ಸುಮ್ಮನಿದ್ದ ಒದೆ, ಇನ್ನೂ ಹುಟ್ಟದ ಒಬ್ಬ ಮೊಮ್ಮಗಳ ಹೊಟ್ಟೆಗೆ ಬೀಳುತ್ತದೆ.