ಬಾಗಿಲು ಮೊದಲೋ, ಬಚ್ಚಲು ಮೊದಲೋ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟು ಹೋದರು. ಹಳೇ ಮನೆ ರಿಪೇರಿ ಮಾಡಿ ನೋಡು ಎನ್ನುವುದನ್ನು ಮಾತ್ರ ಮರೆತರು. ಮರೆಯದೇ ಹೋಗಿದ್ದರೆ ಶಿರಸಿಯ ದಾವೂದನಿಗೆ ಅಷ್ಟು ಫಜೀತಿ ಆಗುತ್ತಿರಲಿಲ್ಲವೇನೋ.

ದಾವೂದನ ಬಳಿ ಒಂದು ಟೆಂಪೊ ಇದೆ. ಬನವಾಸಿ ಕಡೆಯ ಅನಾನಸು ಹೇರಿಕೊಂಡು ಹುಬ್ಬಳ್ಳಿಗೆ ಹೋಗುತ್ತಾನೆ, ಸಂಜೆ ವಾಪಸು ಬರುತ್ತಾನೆ. ಮನೆ ಅಪ್ಪನ ಕಾಲದ್ದು, ಹಂಚಿನದು. ಬಚ್ಚಲು, ಸಂಡಾಸು ಎರಡೂ ಹಿತ್ತಲಲ್ಲಿ, ಮೆಟ್ಟಿಲಿಳಿದೇ ಹೋಗಬೇಕು. ಹೋದ ಮಳೆಗಾಲದಲ್ಲಿ ಅವನ ತಾಯಿ ರಹಿಮತ್ಬಿ ಆ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಹಿಡಿದು ನಡೆಯುವಂತಾದರು. ಆದರೆ ಇನ್ನು ಮೆಟ್ಟಿಲು ಹತ್ತಿಳಿಯುವುದು ಬೇಡ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಯಲ್ಲಾಪುರದಲ್ಲಿರುವ ಮಗಳು ಫಿರ್ದೌಸಳ ಮನೆಯಲ್ಲಿ ಬಚ್ಚಲು ಒಳಗೇ ಇತ್ತು. ರಹಿಮತ್ಬಿ ಅಲ್ಲಿಗೆ ಹೋದರು.

"ಮನೆ ಪೂರಾ ರಿಪೇರಿ ಮಾಡಿಸ್ತೇನೆ ಅಮ್ಮಿ. ಬಚ್ಚಲು, ಸಂಡಾಸು ಎಲ್ಲ ಒಳಗೇ ತರ್ತೇನೆ. ಮಳೆ ಹಿಡಿಯೋದ್ರೊಳಗೆ ನಿನ್ನ ಕರ್ಕೊಂಡು ಹೋಗ್ತೇನೆ" ಎಂದು ದಾವೂದ್ ಮಾತು ಕೊಟ್ಟ.

ಉಳಿತಾಯದ ಹಣ ಇತ್ತು. ಸೊಸೈಟಿಯಲ್ಲಿ ಸಾಲವೂ ಸಿಕ್ಕಿತು. ಬನವಾಸಿಯ ಗೌಂಡಿ ಮಡಿವಾಳಪ್ಪ ಗೋಡೆ ಕೆಲಸಕ್ಕೆ ಬರಲು ಒಪ್ಪಿದ. ಇನ್ನೇನು ಬೇಕು ಎಂದುಕೊಂಡ ದಾವೂದ್. ಒಂದು ಲೆಕ್ಕ ಬೇಕಿತ್ತು, ಅದನ್ನು ಮಾತ್ರ ಹಾಕಲಿಲ್ಲ.

ಟೆಂಪೊ ಓಡಿಸುವವರಿಗೆ ಒಂದು ಕಾಯಿಲೆ ಇರುತ್ತದೆ. ಖಾಲಿ ಗಾಡಿ ವಾಪಸು ತರುವುದೆಂದರೆ ಅವರಿಗೆ ಹೊಟ್ಟೆ ಉರಿಯುತ್ತದೆ. ದಾವೂದನಿಗೆ ಅದು ಸ್ವಲ್ಪ ಜಾಸ್ತಿಯೇ ಇತ್ತು. ಹುಬ್ಬಳ್ಳಿಯಲ್ಲಿ ಯಾರದೋ ವಾಡೆ, ಹಳೇ ಕಾಲದ ದೊಡ್ಡ ಮನೆ, ಕೆಡವುತ್ತಿದ್ದರು. ಕೆತ್ತನೆಯ ಸಾಗವಾನಿ ಬಾಗಿಲು ಅರ್ಧ ರೇಟಿಗೆ ಸಿಕ್ಕಿತು, ಹೇರಿಕೊಂಡು ಬಂದ. ಇನ್ನೊಂದು ದಿನ ಯಾವುದೋ ಅಂಗಡಿಯಲ್ಲಿ ಉಳಿದ ಟೈಲ್ಸ್ ತಂದ. ಮತ್ತೊಂದು ದಿನ ಮದುವೆ ಹಾಲಿನಲ್ಲಿ ಇಡುವಂಥ ದೊಡ್ಡ ವಾಶ್ ಬೇಸಿನ್. ಹೆಂಡತಿ ಅರ್ಷಿಯಾ, "ಇದೆಲ್ಲ ಎಂತಕ್ಕೆ?" ಎಂದು ಕೇಳಿದರೆ ಅವನದು ಒಂದೇ ಉತ್ತರ: "ಹೆಂಗೂ ಗಾಡಿ ಖಾಲಿ ಬರ್ತಿತ್ತು. ಬಾಡಿಗೆ ಉಳೀತಲ್ಲ."

ಬಾಡಿಗೆ ಉಳಿಯಿತು, ದುಡ್ಡು ಉಳಿಯಲಿಲ್ಲ. ತಂದ ಟೈಲ್ಸ್ ಮನೆಯ ಹಾಲಿಗೆ ಸಾಲಲಿಲ್ಲ. ಅದೇ ಬಣ್ಣದ್ದು ಶಿರಸಿಯ ಯಾವ ಅಂಗಡಿಯಲ್ಲೂ ಸಿಗದೆ ಪೂರಾ ಹಾಲಿಗೆ ಬೇರೆಯೇ ಕೊಂಡು ಹಾಕಿಸಬೇಕಾಯಿತು. ಒಂದು ದಿನ ಬೆಳಿಗ್ಗೆ ಮಡಿವಾಳಪ್ಪ ಅಂಗಳದಲ್ಲಿ ಒರಗಿಸಿಟ್ಟಿದ್ದ ಬಾಗಿಲನ್ನು ಅಳೆದು ತಲೆ ಕೆರೆದುಕೊಂಡ.

"ದಾವೂದ್ ಭಾಯಿ, ಈ ಬಾಗ್ಲಾ ಕೂಡಸ್ಬೇಕಂದ್ರ ಮುಂದಿನ ಗ್ವಾಡಿನ ಒಡೀಬೇಕಾಕ್ಕೈತ್ರಿ. ನಾಳೆ ಒಡೀಲೇನ್ರಿ?"

"ಒಡಿ ಮಾರಾಯ. ಬಂದವರಿಗೆ ಮೊದಲು ಕಾಣೋದು ಬಾಗಿಲೇ ಅಲ್ವಾ?"

"ಬಚ್ಚಲದ್ದು ಯಾವಾಗ್ರಿ?"

"ಅದು ಆಮೇಲೆ ನೋಡುವ."

ಅದೇ ದಿನ ದಾವೂದನಿಗೆ ಯಲ್ಲಾಪುರಕ್ಕೆ ಬಾಡಿಗೆ ಇತ್ತು. ಸಾಮಾನು ಇಳಿಸಿ ತಾಯಿಯನ್ನು ನೋಡಲು ಹೋದ. ರಹಿಮತ್ಬಿಯವರ ಮಂಚದ ಕೆಳಗೆ ಮನೆಗೆ ಹೊರಡಲು ಬ್ಯಾಗು ಕಟ್ಟಿ ಇಟ್ಟಿತ್ತು. ಯಾವಾಗ ಕಟ್ಟಿದರೋ ಏನೋ, ಮೇಲೆ ತೆಳ್ಳಗೆ ಧೂಳು ಕೂತಿತ್ತು. ದಾವೂದ್ ಮೊಬೈಲಿನಲ್ಲಿ ಬಾಗಿಲಿನ ಫೋಟೊ ತೋರಿಸಿದ. ಹಾಲಿನ ಟೈಲ್ಸ್ ತೋರಿಸಿದ. ರಹಿಮತ್ಬಿ ಕನ್ನಡಕ ಏರಿಸಿಕೊಂಡು ಎಲ್ಲ ನೋಡಿದರು.

"ಚೆನ್ನಾಗಿದೆ ಬೇಟಾ. ಬಚ್ಚಲು ಆಯ್ತಾ?"

ದಾವೂದ್ ಮೊಬೈಲು ಜೇಬಿಗೆ ಹಾಕಿದ.

"ಇಷ್ಟು ದೊಡ್ಡ ಬಾಗಿಲಲ್ಲಿ ನನ್ನ ಒಳಗೆ ಕರ್ಕೊಂಡು ಹೋಗ್ತೀಯ. ಒಳಗೆ ಬಂದ ಮೇಲೆ ನಾನು ಎಲ್ಲಿಗೆ ಹೋಗ್ಲಿ ಹೇಳು."

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಮನೆಗೆ ಬಂದಾಗ ಜಗಲಿಯಲ್ಲಿ ಎದುರುಮನೆಯ ಶಿಲ್ಪಾ ಚಹಾ ಕುಡಿಯುತ್ತ ಕೂತಿದ್ದಳು. ಸಿವಿಲ್ ಡಿಪ್ಲೊಮಾ ಓದಿದ ಹುಡುಗಿ. ಪೇಟೆಯಲ್ಲಿ ಮನೆ ಪ್ಲಾನು, ಎಸ್ಟಿಮೇಟು ಮಾಡಿಕೊಡುವ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಲೆಕ್ಕ ಹಾಕಿಸಲು ಅವಳನ್ನು ಕರೆದವಳು ಅರ್ಷಿಯಾ.

"ಎಸ್ಟಿಮೇಟು ಎಲ್ಲ ಬಂಗ್ಲೆ ಕಟ್ಟೋರಿಗೆ ಶಿಲ್ಪಾ" ಎಂದ ದಾವೂದ್. "ನಮ್ಮಂಥವರು ದುಡ್ಡು ಇದ್ದ ಹಾಗೆ ಮಾಡ್ತಾ ಹೋಗೋದಪ್ಪ."

ಶಿಲ್ಪಾ ನಕ್ಕಳು. "ಇರ್ಲಿ ದಾವೂದಣ್ಣಾ. ಗಾಡಿ ಹೇರೋ ಮುಂದ ನೀವು ಗಾಜಿನ ಸಾಮಾನು ಮೊದಲು ಹಾಕ್ತೀರೇನ್ರಿ?"

"ಎಂತ ಮಾತು ಆಡ್ತೀಯ. ಭಾರದ್ದು ಕೆಳಗೆ, ಗಾಜು ಮೇಲೆ. ಇಲ್ಲಾಂದ್ರೆ ಪುಡಿಪುಡಿ."

"ಮನಿಗೂ ಹಂಗರಿ. ಮೊದಲು ಹಂಚಿನ ಮಾಡು, ಗ್ವಾಡಿ, ಪೈಪು, ವೈರು, ಬಚ್ಚಲ. ಇಷ್ಟು ಗಟ್ಟಿ ಆದ್ಮ್ಯಾಲೆ ಟೈಲ್ಸು, ಬಣ್ಣ, ಚೆಂದದ ಬಾಗ್ಲಾ. ನೀವು ಗಾಜು ಕೆಳಗ ಹಾಕೀರಿ ನೋಡ್ರಿ."

ದಾವೂದ್ ಅಂಗಳದಲ್ಲಿ ಒರಗಿಸಿಟ್ಟ ಬಾಗಿಲಿನತ್ತ ನೋಡಿದ.

"ಮತ್ತ, ಕೊಳ್ಳೋಕಿಂತ ಮೊದಲು ಅಳತಿ ತಗೋಬೇಕ್ರಿ. ಎಷ್ಟು ಬೇಕು ಅಂತ ಬರಕೊಂಡು ಎರಡು-ಮೂರು ಅಂಗಡ್ಯಾಗ ರೇಟು ಕೇಳಬೇಕು. ಬರೇ ಸಾಮಾನಿನ ರೇಟಲ್ಲ. ಕೂಲಿ ಐತಿ, ಒಡದ ಮಣ್ಣು ಸಾಗ್ಸೋದೈತಿ."

"ಮಣ್ಣಿಗೆ ಖರ್ಚು ಎಂತದು? ನನ್ನ ಗಾಡಿಯಲ್ಲೇ ಹೋಗ್ತದೆ."

"ಗಾಡಿ ಮಣ್ಣು ಹೊತ್ತ ದಿನ ಅನಾನಸು ಹೊರಲಿಲ್ಲಲ್ರಿ. ಆ ದಿನದ ದುಡಿಮಿ ಹೋತು. ಅದೂ ಖರ್ಚೇ."

ಒಳಗಿದ್ದ ಅರ್ಷಿಯಾಳಿಗೆ ನಗು ಬಂತು. ದಾವೂದನಿಗೂ ಬಂತು, ತಡೆದುಕೊಂಡ.

"ಸರಿ, ಲೆಕ್ಕ ಹಾಕಿದೆ ಅಂತಿಟ್ಕೊ. ಹಳೇ ಗೋಡೆ ಒಳಗೆ ಎಂತ ಉಂಟು ಅಂತ ಯಾರಿಗೆ ಗೊತ್ತು? ಒಡೆದ ಮೇಲೆ ಲೆಕ್ಕ ಎಲ್ಲ ತಲೆಕೆಳಗೆ."

"ಸ್ಟೆಪ್ನಿ ಇಲ್ದ ಅರಬೈಲ್ ಘಟ್ಟ ಇಳೀತೀರೇನ್ರಿ?"

"ತಲೆ ಕೆಟ್ಟಿದ್ಯಾ? ಯಾರಾದ್ರೂ ಇಳೀತಾರಾ?"

"ಪಂಕ್ಚರ್ ಆಗ್ತೈತಿ ಅಂತ ಗೊತ್ತಿರ್ತೈತೇನು? ಆದ್ರೂ ಇಟ್ಕೊಂಡಿರ್ತೀರಿ. ಹಂಗ, ಹಳೇ ಮನಿ ಅಂದ್ರ ಹತ್ತು ಪಾಲಿನ್ಯಾಗ ಎರಡು ಪಾಲು ದುಡ್ಡು ಮುಟ್ಟದಂಗ ಬ್ಯಾರೆ ಇಡ್ರಿ. ಉಳದ ಎಂಟು ಪಾಲಿನ್ಯಾಗ ಮನಿ ಕೆಲಸ. ಗೌಂಡಿಗೂ ಒಮ್ಮೆಲೇ ಕೊಡಬ್ಯಾಡ್ರಿ, ಕೆಲಸ ಮುಗದಂಗ ಮುಗದಂಗ ಕೊಡ್ರಿ."

ದಾವೂದ್ ಜಗಲಿಯ ಮೇಲೆ ಕೂತ. ಆಮೇಲೆ ಕೇಳಿದ: "ಈಗ ಉಳಿದ ದುಡ್ಡಲ್ಲಿ ಬಚ್ಚಲು ಆಗ್ತದಾ?"

ಶಿಲ್ಪಾ ಟೇಪು ಹಿಡಿದು ಒಳಗೆ ಹೋದಳು. ರಹಿಮತ್ಬಿಯವರ ಕೋಣೆಗೆ ತಾಗಿಯೇ ಒಂದು ಸಣ್ಣ ಉಗ್ರಾಣ ಇತ್ತು, ಅದನ್ನು ಅಳೆದಳು. ಲೆಕ್ಕ ಹಾಕಿ ಹೇಳಿದಳು: "ಬಚ್ಚಲ, ಸಂಡಾಸು, ವೈರಿಂಗು, ಮಾಡಿನ ರಿಪೇರಿ, ಎಲ್ಲಾ ಆಗ್ತೈತ್ರಿ. ಸ್ಟೆಪ್ನಿ ದುಡ್ಡೂ ಉಳಿತೈತಿ. ಆದ್ರ ಮುಂದಿನ ಗ್ವಾಡಿ ಒಡೀಬಾರ್ದು. ಬಾಗ್ಲಾ ಮಾರಬೇಕು."

ದಾವೂದ್ ಎದ್ದು ಹೋಗಿ ಆ ಬಾಗಿಲಿನ ಕೆತ್ತನೆಯನ್ನು ಒಮ್ಮೆ ಸವರಿದ. ಆಸೆಪಟ್ಟು ತಂದದ್ದು. ಆದರೆ ಮಂಚದ ಕೆಳಗಿನ ಬ್ಯಾಗು ಕಣ್ಣ ಮುಂದೆ ಬಂತು. ಮಡಿವಾಳಪ್ಪನಿಗೆ ಫೋನು ಹಚ್ಚಿದ.

"ಗೋಡೆ ಮುಟ್ಟಬೇಡ. ನಾಳೆ ಉಗ್ರಾಣದಿಂದ ಶುರು ಮಾಡು."

ಬಾಗಿಲು ಮಾರಾಟವಾಯಿತು, ಬೇಸಿನ್ನೂ ಹೋಯಿತು. ಉಗ್ರಾಣದ ಮೇಲಿನ ಹಂಚು ತೆಗೆದಾಗ ಕೆಳಗಿನ ಮರಕ್ಕೆಲ್ಲ ಗೆದ್ದಲು ಹಿಡಿದಿತ್ತು. ಹಿಂದಿನ ದಾವೂದನಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ. ಈಗ, "ಪಂಕ್ಚರ್ ಆಯ್ತು, ಸ್ಟೆಪ್ನಿ ತೆಗಿ" ಎಂದು ಅರ್ಷಿಯಾಳಿಗೆ ಹೇಳಿದ. ಹೊಸ ಮರ ಬಂತು, ಕೆಲಸ ನಿಲ್ಲಲಿಲ್ಲ. ಆ ನಡುವೆ ಹುಬ್ಬಳ್ಳಿಯಲ್ಲಿ ಯಾರೋ ತೂಗುದೀಪ ಅಗ್ಗಕ್ಕೆ ಕೊಡುತ್ತೇನೆಂದು ಕರೆದರಂತೆ. ದಾವೂದ್ ಆ ಕಡೆ ತಿರುಗಿಯೂ ನೋಡದೆ ಗಾಡಿ ಖಾಲಿ ತಂದ. ಓಣಿಯವರು ಗಾಡಿ ಕೆಟ್ಟಿದೆಯೇನೋ ಎಂದುಕೊಂಡರು.

ಮೊದಲ ಮಳೆಗೆ ಇನ್ನೂ ಸಮಯವಿದ್ದಾಗಲೇ ರಹಿಮತ್ಬಿ ಮನೆಗೆ ಬಂದರು. ಮುಂದಿನ ಬಾಗಿಲು ಹಳೆಯದೇ. ಗೋಡೆಗೆ ಬಣ್ಣ ಇರಲಿಲ್ಲ. ಅವರು ಯಾವುದನ್ನೂ ನೋಡಲಿಲ್ಲ. ವಾಕರ್ ಹಿಡಿದು ನಿಧಾನವಾಗಿ ತಮ್ಮ ಕೋಣೆಗೆ, ಅಲ್ಲಿಂದ ಹೊಸ ಬಚ್ಚಲಿಗೆ ಹೋದರು. ಅರ್ಷಿಯಾ ಹಿಂದೆಯೇ ಹೊರಟರೆ, "ನೀನು ಬರಬೇಡ" ಎಂದರು. ಗೋಡೆಯ ಹಿಡಿಕೆ ಹಿಡಿದರು, ಬಾಗಿಲು ಹಾಕಿಕೊಂಡರು. ಒಳಗೆ ನಲ್ಲಿ ನೀರು ಬಿಟ್ಟ ಸದ್ದು ಕೇಳಿತು. ಹೊರಗೆ ನಿಂತಿದ್ದ ದಾವೂದನ ಕಣ್ಣು ತುಂಬಿತು.

ಹೊರಬಂದು ಮುಖ ಒರೆಸಿಕೊಳ್ಳುತ್ತ ರಹಿಮತ್ಬಿ ಹೇಳಿದರು: "ಬಣ್ಣ ಮುಂದಿನ ವರ್ಷ ಹಚ್ಚಿದ್ರೆ ಆಯ್ತು. ನನ್ನ ಬ್ಯಾಗು ಬಿಚ್ಚು."

ಅಕ್ಕಂದಿರೇ, ಅಣ್ಣಂದಿರೇ, ನೀವೂ ಮನೆ ರಿಪೇರಿಗೆ ಕೈ ಹಾಕುವವರಿದ್ದರೆ ಹಾರೆ ಹಿಡಿಯುವ ಮೊದಲು ಮನೆಯವರೆಲ್ಲ ಒಂದು ಸಂಜೆ ಕೂತು ಮಾತಾಡಿ. ಮನೆಯಲ್ಲಿ ಯಾರಿಗೆ ಏನು ಕಷ್ಟ ಇದೆಯೋ ಆ ಕೆಲಸ ಮೊದಲು ಬರೆಯಿರಿ, ಚೆಂದದ್ದು ಕೊನೆಗಿರಲಿ. ಅಳತೆ ಇಲ್ಲದೆ ಕೊಳ್ಳಬೇಡಿ, ಅಗ್ಗ ಎಂದು ತರಬೇಡಿ, ಸ್ಟೆಪ್ನಿ ದುಡ್ಡು ಇಡದೆ ಒಂದು ಹಂಚೂ ತೆಗೆಯಬೇಡಿ. ಗೊತ್ತಾಗದಿದ್ದರೆ ತಿಳಿದವರನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಮತ್ತೆ ಒಮ್ಮೆ ಮಂಚದ ಕೆಳಗೂ ನೋಡಿ. ನಿಮ್ಮ ಮನೆಗೂ ಬರಲೆಂದು ಯಾರೋ ಬ್ಯಾಗು ಕಟ್ಟಿ ಇಟ್ಟಿರಬಹುದು.