ಅಲ್ಲಂಬೆರ್ಗೆನ್ ಕುಡುಕನಲ್ಲ

ಮುಯ್ನಾಕ್ ಊರಿಗೆ ಬರುವವರೆಲ್ಲ ಮೊದಲು ಓಡುವುದು ದಿಬ್ಬದ ಕೆಳಗಿನ ಹಡಗುಗಳ ಹತ್ತಿರ. ಅರಾಲ್ ಸಮುದ್ರ ಹಿಂದೆ ಸರಿದು ಎಷ್ಟೋ ವರ್ಷವಾಯಿತು. ಹಡಗುಗಳು ಮಾತ್ರ ಮರಳಿನಲ್ಲಿ ತುಕ್ಕು ಹಿಡಿದು ನಿಂತಿವೆ. ಬಂದವರು ಅವನ್ನು ಹತ್ತಿ ಫೋಟೊ ತೆಗೆಸಿಕೊಂಡು, ಯಾರದಾದರೂ ಮನೆಯಲ್ಲಿ ಉಂಡು ಹೋಗುತ್ತಾರೆ. ಹಾಗೆ ಉಣ್ಣಿಸುವ ಮನೆಗಳಲ್ಲಿ ಮುದುಕಿ ಬೀಬಿಹಾನಳದೂ ಒಂದು.

ಒಂದು ಮಧ್ಯಾಹ್ನ ಅವಳು ಚಹಾ ಬಗ್ಗಿಸುತ್ತಿದ್ದಾಗ ಅಲ್ಮಾಟಿ ನಗರದಿಂದ ಬಂದ ಹೆಂಗಸೊಬ್ಬಳು, ಹಿರಿಯ ಹೆಂಗಸರನ್ನು ಕರೆಯುವಂತೆ 'ಅಪಾ' ಎಂದು ಕರೆದು ಕೇಳಿದಳು: "ಅಪಾ, ಆ ನೀಲಿ ಪಟ್ಟೆ ಹಡಗಿನ ಕಪ್ತಾನ ಕುಡಿದು ಮಲಗಿದ್ದಕ್ಕೇ ಅವನ ಜೊತೆಯೋರೆಲ್ಲ ಮುಳುಗಿ ಸತ್ತರಂತೆ, ಹೌದಾ?"

ಬೀಬಿಹಾನಳ ಕೈ ನಿಂತಿತು. ಆ ಹಡಗಿನ ಕಪ್ತಾನ ಅವಳ ಗಂಡ ಅಲ್ಲಂಬೆರ್ಗೆನ್. ಹೆಂಡದ ವಾಸನೆಗೇ ಮುಖ ತಿರುಗಿಸುತ್ತಿದ್ದವನು. ನೀರು ಹಿಂದೆ ಹೋದಂತೆಲ್ಲ ಜೊತೆಯವರೊಂದಿಗೆ ಗುದ್ದಲಿ ಹಿಡಿದು ಹಡಗಿಗೆ ಕಾಲುವೆ ತೋಡಿದವನು, ಕೊನೆಗೆ ಒಣಗಿದ ಸಮುದ್ರದ ಉಪ್ಪಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತವನು.

"ಯಾರು ಹೇಳಿದ್ದು?"

"ನಮ್ಮ ಗೈಡು."

ಗೈಡು ಪೊಲಾತ್ ಬಾಗಿಲಲ್ಲೇ ನಿಂತಿದ್ದ. ಅದೇ ಬೀದಿಯವನು.

"ಬಂದೋರಿಗೆ ಒಂದು ಕಥೆ ಬೇಕು, ಅಪಾ. ಬರೀ ನೀರು ಹೋಯ್ತು ಅಂದ್ರೆ ಆಕಳಿಸ್ತಾರೆ. ನಾನೇನು ಹೆಸರು ಹೇಳಿದ್ನಾ?"

"ಹಡಗು ತೋರಿಸಿದೆಯಲ್ಲ. ಸಮುದ್ರಕ್ಕೆ ಬರೋ ನದೀನೇ ಹತ್ತಿ ಬೆಳೆಯೋ ಹೊಲಕ್ಕೆ ತಿರುಗಿಸಿದೋರನ್ನ ಬಿಟ್ಟು, ಸತ್ತೋನ ಮೇಲೆ ಗೂಬೆ ಕೂರಿಸ್ತೀಯಾ?"

ಪೊಲಾತ್ ನಕ್ಕುಬಿಟ್ಟ. ಆ ನಗು ಅವಳ ಎದೆಗೆ ಬೆಂಕಿ ಇಟ್ಟಿತು.

ಮರುದಿನ ಬೆಳಿಗ್ಗೆ ಅವಳು ಹೋಗಿ ಆ ಹಡಗಿನ ಏಣಿಯ ಮೇಲೆ ಕೂತಳು. ಪೊಲಾತ್ ಹೊಸಬರನ್ನು ಕರೆತಂದ.

"ಏಳಿ ಅಪಾ, ಜನ ಹತ್ತಬೇಕು."

"ಹತ್ತಲಿ. ಮೊದ್ಲು ನೀನು ನಿಜ ಹೇಳು."

ಅವನು ಬಂದವರತ್ತ ತಿರುಗಿ ಅದೇನೋ ಹೇಳಿದ. ಅವರು ನಗುತ್ತ ಅವಳದೇ ಫೋಟೊ ತೆಗೆಯತೊಡಗಿದರು. ಬೀಬಿಹಾನ್ ಮೀನಿನ ಕಾರ್ಖಾನೆಯಲ್ಲಿ ಕಲಿತ ರಷ್ಯನ್ನಿನಲ್ಲಿ ಗಂಡ ಕಾಲುವೆ ತೋಡಿದ ಕಥೆಯನ್ನು ತಾನೇ ಹೇಳಲು ಶುರುಮಾಡಿದಳು. ಒಂದೊಂದಾಗಿ ಕ್ಯಾಮೆರಾಗಳು ಕೆಳಗಿಳಿದವು.

"ಎಲ್ಲಿಯವರೆಗೆ ತೋಡಿದರು?" ಎಂದು ಒಬ್ಬ ಕೇಳಿದ.

"ನೀರು ಕಾಣೋವರೆಗೆ. ಆಮೇಲೆ ಕಾಣಲೇ ಇಲ್ಲ."

ಅಂದಿನಿಂದ ಪೊಲಾತ್ ಆ ಹಡಗಿನ ತಂಟೆಗೆ ಹೋಗಲಿಲ್ಲ. ಅದೇ ಕಥೆಯನ್ನು ಪಕ್ಕದ ಹಡಗಿನ ಮುಂದೆ ಹೇಳತೊಡಗಿದ. ಸುದ್ದಿ ಕಿವಿಗೆ ಬಿದ್ದದ್ದೇ ಬೀಬಿಹಾನ್ ನೆಟ್ಟಗೆ ಸಾನೆಮಳ ಮನೆಗೆ ಹೋದಳು. ಆ ಹಡಗನ್ನು ನಡೆಸಿದವನು ಸಾನೆಮಳ ಅಣ್ಣ.

"ನಿಮ್ಮಣ್ಣ ಈಗ ಕುಡುಕ ಆಗಿದಾನೆ, ಗೊತ್ತಾ ನಿಂಗೆ?"

ವಿಷಯ ಕೇಳಿದ ಸಾನೆಮ್ ಹಿಟ್ಟಿನ ಕೈಯಲ್ಲೇ ತಲೆವಸ್ತ್ರ ಬಿಗಿದುಕೊಂಡಳು. "ಎಲ್ಲಿದಾನೆ ಆ ಮುಂಡೇದು?"

ಇಬ್ಬರೂ ದಿಬ್ಬ ಇಳಿದು ಬರುವುದನ್ನು ಕಂಡು ಪೊಲಾತನ ಮಾತು ಅರ್ಧಕ್ಕೇ ನಿಂತಿತು. ಅವರು ಬಂದವರ ನಡುವೆ ಹೋಗಿ ನಿಂತರು.

"ಹೇಳು, ನಾವೂ ಕೇಳ್ತೀವಿ," ಎಂದಳು ಸಾನೆಮ್.

ಅವನು ತಲೆ ತಗ್ಗಿಸಿ ನದಿಯ ಕಥೆ, ಹತ್ತಿಯ ಕಥೆ, ಕಾಲುವೆಯ ಕಥೆ ಹೇಳಿದ. ಯಾರೂ ಆಕಳಿಸಲಿಲ್ಲ. ಆಮೇಲೆ ಬೀಬಿಹಾನಳ ಹತ್ತಿರ ಬಂದು, "ಮಧ್ಯಾಹ್ನ ಊಟಕ್ಕೆ ಇವರನ್ನ ಕರ್ಕೊಂಡು ಬರಲಾ, ಅಪಾ?" ಎಂದ.

"ಅವರು ಬರಲಿ," ಎಂದಳು ಅವಳು. "ನೀನು ಹೊಸಿಲು ತುಳಿಬೇಡ."